ದಸರಾ ರಜೆಗೆ ಹೆಗ್ಗೋಡಿನ ನಾಟಕ

1949ರಲ್ಲಿ ಮಲೆನಾಡಿನ ಹಳ್ಳಿಯೊಂದರಲ್ಲಿ ನಾಟಕದ ಸಂಘ ಹುಟ್ಟುವುದು ದೊಡ್ಡ ಸುದ್ದಿಯೇನೂ ಆಗಿರಲಿಲ್ಲ. ರಾತ್ರಿಯಿಡೀ ಆಟ ನೋಡಿ ಬೆಳೆದ ಊರು, ಪೇಟೆಗೆ ಹೋಗಿ ಕಂಪನಿ ನಾಟಕ ನೋಡಿಬಂದ ನಾಲ್ಕು ಹುಡುಗರು, ಬಾಡಿಗೆಯ ಪರದೆ, ಒಂದು ಗ್ಯಾಸ್‌ಲೈಟು. ಇಷ್ಟಿದ್ದರೆ ಸಂಘ ಆಯಿತು. ಸಾಗರ ತಾಲ್ಲೂಕಿನ ಹೆಗ್ಗೋಡಿನ ಅಡಿಕೆ ಬೆಳೆಗಾರರು ದೇವರ ಹೆಸರು ಹಿಡಿದು ಕಟ್ಟಿದ ಶ್ರೀ ನೀಲಕಂಠೇಶ್ವರ ನಾಟ್ಯಸೇವಾ ಸಂಘವೂ, ಅಂದರೆ ನೀನಾಸಂ, ಮೊದಲಿಗೆ ಅಂಥದ್ದೇ. ಅಂಥ ಸಂಘಗಳಲ್ಲಿ ಬಹುಪಾಲು ಒಂದೆರಡು ನಾಟಕ ಆಡಿ, ಒಂದೆರಡು ಜಗಳ ಆಡಿ ಮುಚ್ಚಿಹೋದವು. ಇದೊಂದು ಮುಚ್ಚಲಿಲ್ಲ. ಕುಗ್ರಾಮಕ್ಕೆ ವಿಶ್ವ ರಂಗಭೂಮಿ ಬಂದಿಳಿದ ಪವಾಡ ಎಂದು ನೀನಾಸಂ ಬಗ್ಗೆ ಬರೆಯುವವರು ಹೊರಗಿನವರು. ಇಲ್ಲಿಯ ಪ್ರೇಕ್ಷಕನಾಗಿ ನನಗೆ ಕಾಣುವುದು ಬೇರೆ: ನಾಟಕ ನೋಡುವ ಚಟ ಊರಿಗೆ ಮೊದಲೇ ಇತ್ತು, ಸಂಘ ಅದನ್ನು ಬಿಡಲು ಬಿಡಲಿಲ್ಲ.

ಬಿಡಲು ಬಿಡದವರಲ್ಲಿ ಮುಖ್ಯರು ಕೆ. ವಿ. ಸುಬ್ಬಣ್ಣ. 1932ರಲ್ಲಿ ಹುಟ್ಟಿದ ಅವರು ಸಂಘ ಶುರುವಾದಾಗ ಇನ್ನೂ ಹದಿನೇಳರ ಹುಡುಗ. ಮೈಸೂರಿನಲ್ಲಿ ಕುವೆಂಪು ಅವರ ಪಾಠ ಕೇಳಿ, ಪದವಿ ಮುಗಿಸಿ, ನೌಕರಿಯ ಗೊಡವೆಗೆ ಹೋಗದೆ ತೋಟಕ್ಕೆ ಮರಳಿದರು. ಅಕ್ಷರ ಪ್ರಕಾಶನ ನಡೆಸಿದರು. ಕಾಳಿದಾಸನನ್ನು ‘ಲೋಕ ಶಾಕುಂತಲ’ವಾಗಿ ಕನ್ನಡಕ್ಕೆ ತಂದರು. 1970ರ ದಶಕದ ಆರಂಭದಲ್ಲಿ ಶಿವರಾಮ ಕಾರಂತರ ಹೆಸರಿನ ರಂಗಮಂದಿರ ಎದ್ದಿತು. 1973ರಲ್ಲಿ ಚಿತ್ರಸಮಾಜ ಬಂದಿತು. ಊರಿನ ಬೆಂಚಿನ ಮೇಲೆ ಕೂತು ಜನ ಸತ್ಯಜಿತ್ ರಾಯ್, ಕುರೊಸಾವಾ ಅವರ ಸಿನಿಮಾ ನೋಡಿದರು, ಒಪ್ಪಿದರು, ಕೆಲವನ್ನು ಒಪ್ಪಲಿಲ್ಲ. 1980ರಲ್ಲಿ ರಂಗಶಿಕ್ಷಣ ಕೇಂದ್ರ ಆರಂಭವಾಯಿತು. ಮುಂದೆ 1991ರಲ್ಲಿ ಸುಬ್ಬಣ್ಣನವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂದ ಕಥೆ ಎಲ್ಲರಿಗೂ ಗೊತ್ತಿರುವುದೇ.

ನಾನು ನಿಂತು ಹೇಳಬೇಕೆಂದಿರುವುದು 1985ರ ಬಗ್ಗೆ. ರಂಗಶಿಕ್ಷಣ ಕೇಂದ್ರದಿಂದ ಹೊರಬಿದ್ದ ಹುಡುಗ ಹುಡುಗಿಯರು ಎಲ್ಲಿಗೆ ಹೋಗಬೇಕು ಎಂಬ ಪ್ರಶ್ನೆ ಎದುರಾಯಿತು. ಬೆಂಗಳೂರಿಗೆ ಹೋದರೆ ಹವ್ಯಾಸಿ ತಂಡದಲ್ಲಿ ಸಂಜೆಯ ಪಾತ್ರ, ಹಗಲಿಗೆ ಬೇರೆ ಹೊಟ್ಟೆಪಾಡು. ಅದಕ್ಕೆ ಹುಡುಕಿಕೊಂಡ ಉತ್ತರ ತಿರುಗಾಟ. ಹೆಸರು ಯಕ್ಷಗಾನ ಮೇಳದವರದೇ, ರೀತಿಯೂ ಅರ್ಧ ಮೇಳದವರದೇ. ಹತ್ತಿಪ್ಪತ್ತು ಜನರ ತಂಡ ಹೆಗ್ಗೋಡಿನಲ್ಲಿ ಕೂತು ಕೆಲವು ನಾಟಕ ಕಲಿಯುತ್ತದೆ. ಆಮೇಲೆ ತಿಂಗಳುಗಟ್ಟಲೆ ಊರೂರು ಸುತ್ತಿ ಅವನ್ನೇ ಆಡುತ್ತದೆ. ಊಟ, ವಸತಿ ಕರೆಸಿಕೊಂಡವರದ್ದು. ಪೆಟ್ಟಿಗೆ ಇಳಿಸುವುದು, ದೀಪ ಕಟ್ಟುವುದು, ರಾತ್ರಿ ಮತ್ತೆ ವಾಹನಕ್ಕೆ ಹೇರುವುದು ಎಲ್ಲ ನಟರದ್ದೇ. ರಾಜನ ಪಾತ್ರ ಮಾಡಿದವನು ಅರ್ಧ ಗಂಟೆಯಲ್ಲಿ ಲುಂಗಿ ಉಟ್ಟು ತನ್ನ ಸಿಂಹಾಸನ ತಾನೇ ಹೊತ್ತುಕೊಂಡು ಹೋಗುತ್ತಾನೆ.

ಈ ಸುತ್ತಾಟದ ಲೆಕ್ಕಾಚಾರವೇ ನಾಟಕಗಳ ರೂಪವನ್ನೂ ತಿದ್ದಿದೆ. ಇವತ್ತು ಸುಸಜ್ಜಿತ ಸಭಾಂಗಣ, ನಾಳೆ ಹೈಸ್ಕೂಲಿನ ಬಯಲು. ಎರಡಕ್ಕೂ ಹೊಂದುವಂತೆ ರಂಗಸಜ್ಜಿಕೆ ಇರಬೇಕು, ಮಡಚಿದರೆ ಪೆಟ್ಟಿಗೆಗೆ ಇಳಿಯಬೇಕು. ಹಾಗಾಗಿ ತಿರುಗಾಟದ ರಂಗದ ಮೇಲೆ ಅರಮನೆ ಎಂದರೆ ನಾಲ್ಕು ಕೋಲು, ಒಂದು ಬಟ್ಟೆ. ಉಳಿದದ್ದೆಲ್ಲ ನಟರ ಮೈ ಮತ್ತು ಹಾಡು. ಇದನ್ನು ಶೈಲಿ ಎಂದು ವಿಮರ್ಶಕರು ಹೊಗಳಿದ್ದುಂಟು. ಅರ್ಧ ಶೈಲಿ, ಅರ್ಧ ವಾಹನದ ಅಳತೆ ಎಂದು ನನ್ನ ಅಂದಾಜು.

ಹೊಸ ತಿರುಗಾಟದ ನಾಟಕಗಳನ್ನು ಸಂಸ್ಥೆಯವರು ಮೊದಲು ಊರಲ್ಲೇ ತೋರಿಸುತ್ತಾರೆ. ಅಕ್ಟೋಬರಿನಲ್ಲಿ, ದಸರೆಯ ಆಸುಪಾಸು ನಡೆಯುವ ಸಂಸ್ಕೃತಿ ಶಿಬಿರದ ಸಂಜೆಗಳು ಅದಕ್ಕೆ ಮೀಸಲು. ಶಾಲೆಗಳಿಗೆ ರಜೆ, ಮಳೆ ಹಿಂದೆ ಸರಿದಿದೆ, ಅಡಿಕೆಯ ಕೊನೆ ಕೊಯ್ಲು ಇನ್ನೂ ಪೂರ್ತಿ ಹತ್ತಿಲ್ಲ. ದೂರದ ಊರುಗಳ ಮೇಷ್ಟ್ರು, ವಿದ್ಯಾರ್ಥಿಗಳು, ಬರಹಗಾರರು ಚೀಲ ಹೊತ್ತು ಬಂದಿರುತ್ತಾರೆ. ಅವರ ನಡುವೆಯೇ ಸುತ್ತಲಿನ ಹಳ್ಳಿಗಳ ಸಂಸಾರಗಳು: ಅಜ್ಜಿ, ಸೊಸೆ, ತೂಕಡಿಸುವ ಮಗು. ರಜೆಗೆ ಬಂದ ನೆಂಟರನ್ನು ನಾಟಕಕ್ಕೆ ಕರೆದುಕೊಂಡು ಹೋಗುವುದು ಇಲ್ಲಿ ಹಬ್ಬದ ಉಪಚಾರದ ಭಾಗ. ಹೋಳಿಗೆ ಚೆನ್ನಾಗಿ ಬಂದಿಲ್ಲದಿದ್ದರೂ ನೆಂಟರು ಸುಮ್ಮನಿರುತ್ತಾರೆ, ನಾಟಕ ಚೆನ್ನಾಗಿಲ್ಲದಿದ್ದರೆ ಸುಮ್ಮನಿರುವುದಿಲ್ಲ.

ಅದೂ ಸಂಸ್ಥೆಯೇ ಕಲಿಸಿದ್ದು. ರಾತ್ರಿ ನೋಡಿದ ನಾಟಕದ ಬಗ್ಗೆ ಬೆಳಿಗ್ಗೆ ಶಿಬಿರದಲ್ಲಿ ಚರ್ಚೆ ನಡೆಯುತ್ತದೆ. ಯು. ಆರ್. ಅನಂತಮೂರ್ತಿ ಅವರಂಥವರು ಅಲ್ಲಿ ವರ್ಷವರ್ಷವೂ ಮಾತಾಡಿದ್ದಾರೆ. ಮಾತು ಒಮ್ಮೊಮ್ಮೆ ನಾಟಕಕ್ಕಿಂತ ಉದ್ದವಾಗುವುದೂ ಉಂಟು. ಪಂಡಿತರು ಪಂಡಿತರಿಗೆ ಉತ್ತರ ಕೊಡುತ್ತ ಹೋದರೆ ಹಿಂದಿನ ಸಾಲು ಮೆಲ್ಲಗೆ ಚಹಾಕ್ಕೆ ಎದ್ದು ಹೋಗುತ್ತದೆ. ನಿಜವಾದ ತೀರ್ಮಾನ ಆಗುವುದು ಆ ಚಹಾದ ಹತ್ತಿರವೇ. ಶೇಕ್ಸ್‌ಪಿಯರನ ರಾಜ ಯಾಕೆ ಅಷ್ಟು ಹೊತ್ತು ಗೊಣಗಿದ, ಎರಡನೇ ಹಾಡು ತೆಗೆದಿದ್ದರೆ ಏನಾಗುತ್ತಿತ್ತು, ಹಿಂದೆ ಇದೇ ಪಾತ್ರ ಮಾಡಿದವನು ಎಷ್ಟು ಪಾಲು ಮೇಲು. ಹಿಂದಿನದನ್ನು ನೆನಪಿಟ್ಟುಕೊಂಡು ಹೋಲಿಸುವ ಪ್ರೇಕ್ಷಕರು ಮಹಾನಗರದ ತಂಡಗಳಿಗೂ ಸುಲಭಕ್ಕೆ ಸಿಗುವುದಿಲ್ಲ. ನಟರಿಗೆ ಇವರೆಂದರೆ ಭಯ. ಇಲ್ಲಿ ದಾಟಿದರೆ ಮುಂದಿನ ಊರುಗಳೆಲ್ಲ ಹಗುರ ಎನ್ನುತ್ತಾರೆ.

2005ರಲ್ಲಿ ಸುಬ್ಬಣ್ಣ ತೀರಿಕೊಂಡರು. ಅವರಿಲ್ಲದೆ ಇದು ಎಷ್ಟು ವರ್ಷ ನಡೆದೀತು ಎಂದು ಆಗ ಕೇಳಿದವರಿದ್ದರು. ಅವರ ಮಗ ಕೆ. ವಿ. ಅಕ್ಷರ ಮತ್ತು ಸಂಗಡಿಗರು ನಡೆಸಿದರು. ಶಿಬಿರದ ದಿನಗಳು ಮೊದಲಿಗಿಂತ ಕಡಿಮೆಯಾದವು, ಸಂಜೆಯ ನಾಟಕ ಉಳಿಯಿತು. ಅಷ್ಟರಲ್ಲಿ ಇಲ್ಲಿ ಕಲಿತವರು ಸಿನಿಮಾಕ್ಕೂ ಧಾರಾವಾಹಿಗೂ ಹೋಗಿದ್ದರು. ಅಚ್ಯುತ್ ಕುಮಾರ್, ಮಂಡ್ಯ ರಮೇಶ್ ಅವರನ್ನು ನಾಡೇ ಬಲ್ಲದು, ಸತೀಶರಂತೂ ಸಂಸ್ಥೆಯ ಹೆಸರನ್ನೇ ತಮ್ಮ ಹೆಸರಿಗೆ ಅಂಟಿಸಿಕೊಂಡರು. ತಮ್ಮ ಜಿಲ್ಲೆಗಳಿಗೆ ಮರಳಿ ಸ್ವಂತ ತಂಡ ಕಟ್ಟಿದವರೂ ಇದ್ದಾರೆ. ತಿರುಗಾಟವನ್ನು ತಮ್ಮೂರಿಗೆ ಕರೆಸುವವರಲ್ಲಿ ಅವರೂ ಸೇರಿದ್ದಾರೆ. ಅದೇ ಪ್ರೇಕ್ಷಕರಿಗೆ ತಮ್ಮ ನಾಟಕದ ಟಿಕೇಟನ್ನೂ ಮಾರಬೇಕಾದವರು ಅವರೇ. ದಸರಾ ರಜೆ ಬಂತೆಂದರೆ ಅವರಲ್ಲಿ ಕೆಲವರು ಹೆಗ್ಗೋಡಿಗೆ ಬಂದು ಕಾರಂತ ರಂಗಮಂದಿರದಲ್ಲಿ ಕೂರುತ್ತಾರೆ, ಮತ್ತು ನಮಗಿಂತ ಜೋರಾಗಿ ತಪ್ಪು ಹುಡುಕುತ್ತಾರೆ.