ವಿಲಿಯಂ ಹಾರ್ವೆ ಕಾರ್ನಿ

ವಿಲಿಯಂ ಹಾರ್ವೆ ಕಾರ್ನಿ (ಫೆಬ್ರವರಿ 29, 1840 – ಡಿಸೆಂಬರ್ 9, 1908) ಅಮೆರಿಕದ ಅಂತರ್ಯುದ್ಧದಲ್ಲಿ (1861–1865) ಒಕ್ಕೂಟದ ಪಕ್ಷದಲ್ಲಿ ಹೋರಾಡಿದ ಆಫ್ರಿಕನ್-ಅಮೆರಿಕನ್ ಯೋಧರು. ವ್ಯಾಗ್ನರ್ ಕೋಟೆಯ ಕದನದಲ್ಲಿ ತೀವ್ರವಾಗಿ ಗಾಯಗೊಂಡರೂ ರಾಷ್ಟ್ರಧ್ವಜವನ್ನು ಕಾಪಾಡಿದ ಸಾಹಸಕ್ಕಾಗಿ ಅವರಿಗೆ ಆ ದೇಶದ ಅತ್ಯುನ್ನತ ಸೇನಾ ಗೌರವವಾದ ‘ಮೆಡಲ್ ಆಫ್ ಆನರ್’ ಪದಕ ಸಂದಿತು. ಸಾಹಸ ನಡೆದುದು 1863ರಲ್ಲಿ. ಪದಕ ದೊರೆತುದು 1900ರಲ್ಲಿ.

ಆರಂಭಿಕ ಜೀವನ

ಕಾರ್ನಿಯವರು ವರ್ಜೀನಿಯಾ ರಾಜ್ಯದ ನಾರ್ಫೋಕ್‌ನಲ್ಲಿ ಗುಲಾಮರಾಗಿ ಜನಿಸಿದರು. ಮುಂದೆ ಅವರ ಕುಟುಂಬವು ಗುಲಾಮಗಿರಿಯಿಂದ ಬಿಡುಗಡೆ ಹೊಂದಿ, ಮ್ಯಾಸಚೂಸೆಟ್ಸ್ ರಾಜ್ಯದ ನ್ಯೂ ಬೆಡ್‌ಫರ್ಡ್ ಪಟ್ಟಣದಲ್ಲಿ ನೆಲೆಸಿತು. ಕ್ರೈಸ್ತ ಧರ್ಮಬೋಧಕರಾಗಬೇಕೆಂಬುದು ಅವರ ಹಂಬಲವಾಗಿತ್ತು.

ಸೇನಾ ಸೇವೆ

1863ರ ಜನವರಿ 1ರಂದು ಅಧ್ಯಕ್ಷ ಅಬ್ರಹಾಂ ಲಿಂಕನ್ ಹೊರಡಿಸಿದ ವಿಮೋಚನಾ ಘೋಷಣೆಯು ಕಪ್ಪು ಜನರನ್ನು ಸೇನೆಗೆ ಸೇರಿಸಿಕೊಳ್ಳಲು ಅವಕಾಶ ನೀಡಿತು. ಅದೇ ವರ್ಷ ಕಾರ್ನಿಯವರು 54ನೆಯ ಮ್ಯಾಸಚೂಸೆಟ್ಸ್ ಪದಾತಿ ದಳವನ್ನು ಸೇರಿ ಸಾರ್ಜೆಂಟ್ ಆದರು. ಬಿಳಿಯ ಸೈನಿಕರಿಗೆ ತಿಂಗಳಿಗೆ 13 ಡಾಲರ್ ವೇತನವಿದ್ದಾಗ ಕಪ್ಪು ಸೈನಿಕರಿಗೆ 10 ಡಾಲರ್ ಗೊತ್ತುಮಾಡಿ, ಅದರಲ್ಲಿಯೂ 3 ಡಾಲರನ್ನು ಉಡುಪಿಗೆಂದು ಮುರಿದುಕೊಳ್ಳಲಾಗುತ್ತಿತ್ತು. ಇದನ್ನು ಪ್ರತಿಭಟಿಸಿದ ಈ ದಳದವರು ವೇತನವನ್ನೇ ಸ್ವೀಕರಿಸದೆ ಯುದ್ಧಮಾಡಿದರು.

ವ್ಯಾಗ್ನರ್ ಕೋಟೆಯ ಕದನ

1863ರ ಜುಲೈ 18ರ ಸಂಜೆ ಈ ದಳವು ದಕ್ಷಿಣ ಕೆರೊಲಿನಾದ ಚಾರ್ಲ್ಸ್‌ಟನ್ ಬಂದರಿನ ಸಮೀಪದ ವ್ಯಾಗ್ನರ್ ಕೋಟೆಯ ಮೇಲೆ ಮುಂಚೂಣಿಯಲ್ಲಿ ದಾಳಿಮಾಡಿತು. ಅಂದಿನ ಕದನಗಳಲ್ಲಿ ಹೊಗೆ, ಗದ್ದಲಗಳ ನಡುವೆ ಸೈನಿಕರು ಧ್ವಜವನ್ನು ನೋಡಿಯೇ ಮುನ್ನಡೆಯುತ್ತಿದ್ದರು. ಆದಕಾರಣ ಧ್ವಜಧಾರಿಯು ಶತ್ರುವಿನ ಗುಂಡಿಗೆ ಮೊದಲ ಗುರಿಯಾಗುತ್ತಿದ್ದನು. ಧ್ವಜಧಾರಿಯು ಬಿದ್ದಾಗ ಕಾರ್ನಿಯವರು ಧ್ವಜವನ್ನು ಎತ್ತಿಕೊಂಡು ಕೋಟೆಯ ದಿಬ್ಬವನ್ನು ಏರಿದರು. ಸೇನೆಯು ಹಿಮ್ಮೆಟ್ಟಿದಾಗ, ಹಲವು ಗುಂಡೇಟುಗಳನ್ನು ತಿಂದಿದ್ದರೂ ಧ್ವಜವನ್ನು ತಮ್ಮವರಿಗೆ ಒಪ್ಪಿಸಿ, ಅದು ನೆಲಕ್ಕೆ ತಾಗಲಿಲ್ಲವೆಂದು ತಿಳಿಸಿದರು. ದಳದ ನಾಯಕ ಕರ್ನಲ್ ರಾಬರ್ಟ್ ಗೌಲ್ಡ್ ಶಾ ಮಡಿದರು. ಸುಮಾರು 600 ಯೋಧರಲ್ಲಿ 250ಕ್ಕೂ ಹೆಚ್ಚು ಮಂದಿ ಸತ್ತರು, ಗಾಯಗೊಂಡರು ಇಲ್ಲವೆ ಕಾಣೆಯಾದರು. ಅಂದು ಕೋಟೆ ವಶವಾಗಲಿಲ್ಲ. ಆದರೆ ಕಪ್ಪು ಜನರು ಯುದ್ಧಮಾಡಲಾರರೆಂಬ ವಾದಕ್ಕೆ ಈ ಕದನವು ಉತ್ತರವಾಯಿತು.

ನಂತರದ ಜೀವನ

ಗಾಯಗಳ ಕಾರಣದಿಂದ 1864ರಲ್ಲಿ ಸೇನೆಯಿಂದ ಬಿಡುಗಡೆಯಾದ ಕಾರ್ನಿಯವರು ನ್ಯೂ ಬೆಡ್‌ಫರ್ಡ್‌ನಲ್ಲಿ ಮೂವತ್ತಕ್ಕೂ ಹೆಚ್ಚು ವರ್ಷ ಅಂಚೆಯವರಾಗಿ ದುಡಿದರು. ಬಳಿಕ ಬಾಸ್ಟನ್ನಿನ ರಾಜ್ಯ ಆಡಳಿತ ಭವನದಲ್ಲಿ ಸಂದೇಶವಾಹಕರಾಗಿದ್ದರು. ಅಲ್ಲಿನ ಲಿಫ್ಟ್ ಅಪಘಾತದಲ್ಲಿ ಗಾಯಗೊಂಡು ನಿಧನರಾದರು.

ಗೌರವ

1900ರ ಮೇ 23ರಂದು, ಸಾಹಸ ನಡೆದು ಸುಮಾರು 37 ವರ್ಷಗಳ ತರುವಾಯ, ಅವರಿಗೆ ಪದಕ ನೀಡಲಾಯಿತು. ಈ ಪದಕವನ್ನು ಪಡೆದ ಮೊದಲ ಆಫ್ರಿಕನ್-ಅಮೆರಿಕನ್ ಇವರೇ ಎಂದು ಹೇಳುವುದುಂಟು, ಅದು ಸರಿಯಲ್ಲ. ಅವರಿಗಿಂತ ಮುಂಚೆಯೇ ಬೇರೆ ಆಫ್ರಿಕನ್-ಅಮೆರಿಕನ್ನರು ಪದಕ ಪಡೆದಿದ್ದರು. ಆದರೆ ಪದಕಕ್ಕೆ ಅರ್ಹವೆನಿಸಿದ ಅವರೆಲ್ಲರ ಸಾಹಸಗಳಲ್ಲಿ ಕಾಲದ ದೃಷ್ಟಿಯಿಂದ ಮೊದಲನೆಯದು ಕಾರ್ನಿಯವರದು.