ಲಿಬರ್ಟಿ ಹಡಗಿನ ಕಥೆ

ಬಾಲಿ ದ್ವೀಪದ ಈಶಾನ್ಯ ಕರಾವಳಿಯಲ್ಲಿ ತುಲಂಬೆನ್ ಎಂಬ ಗ್ರಾಮವಿದೆ. ಅಲ್ಲಿಯ ಕಡಲಲ್ಲಿ ಮುಳುಗಿರುವ 'ಲಿಬರ್ಟಿ' ಎಂಬ ಅಮೆರಿಕದ ಸರಕುಹಡಗಿನ ಕಥೆಯನ್ನು ನಾನಿಂದು ಹೇಳಬಯಸುತ್ತೇನೆ. ಅದು ಯುದ್ಧದಲ್ಲಿ ಗಾಯಗೊಂಡಿತು; ಆದರೆ ಅದನ್ನು ಮುಳುಗಿಸಿದ್ದು ಯುದ್ಧವಲ್ಲ.

1942ರ ಜನವರಿ 11ರಂದು ಲೊಂಬೊಕ್ ಜಲಸಂಧಿಯ ಬಳಿ ಜಪಾನಿನ ಜಲಾಂತರ್ಗಾಮಿಯೊಂದು ಅದರ ಮೇಲೆ ಟಾರ್ಪಿಡೊ ಹೊಡೆಯಿತು. ಎರಡು ಯುದ್ಧನೌಕೆಗಳು ಅದನ್ನು ಸಿಂಗರಾಜ ಬಂದರಿನತ್ತ ಎಳೆದು ತರುತ್ತಿದ್ದಾಗ ಒಳಗೆ ನೀರು ತುಂಬತೊಡಗಿತು. ಸರಕನ್ನಾದರೂ ಉಳಿಸಿಕೊಳ್ಳೋಣವೆಂದು ತುಲಂಬೆನ್ ದಡಕ್ಕೇರಿಸಿದರು. ಅಲ್ಲಿಯೇ ಅದು 21 ವರ್ಷ ಬಿದ್ದಿತ್ತು. 1963ರಲ್ಲಿ ಅಗುಂಗ್ ಪರ್ವತ ಬೆಂಕಿಯುಗುಳಿತು. ಸಾವಿರಕ್ಕೂ ಮಿಕ್ಕಿ ಜನ ಮಡಿದರು. ನೆಲದ ನಡುಕಕ್ಕೆ ಹಡಗು ಜಾರಿ ಕಡಲು ಸೇರಿತು.

ಹವಳದ ಮರಿಗೆ ಬೇರೂರಲು ಗಟ್ಟಿಯಾದ ಆಸರೆ ಬೇಕು. ಸದಾ ಸರಿದಾಡುವ ಕಪ್ಪು ಮರಳು ನೀಡಲಾರದ ಆ ಆಸರೆಯನ್ನು ಉಕ್ಕು ನೀಡಿತು. ಇಂದು ಸುಮಾರು 30 ಮೀಟರ್ ಆಳದವರೆಗೆ ಮಲಗಿರುವ ಆ ಒಡಲು ಹವಳದ ತೋಟ, ಮೀನುಗಳ ಮನೆ. ಅದನ್ನು ಕಾಣಲು ಬರುವ ಮುಳುಗುಗಾರರ ಗಾಳಿಯ ಸಿಲಿಂಡರುಗಳನ್ನು ಊರಿನ ಹೆಂಗಸರು ತಲೆಯ ಮೇಲೆ ಹೊತ್ತು ನಡೆಯುತ್ತಾರೆ.

ಇದನ್ನು ಪ್ರಕೃತಿಯ ಔದಾರ್ಯವೆಂದು ಕೊಂಡಾಡಲು ನನಗೆ ಮನಸ್ಸಾಗದು. ನೀರಿಗಿಳಿಯುವವರು ಮೊದಲೊಮ್ಮೆ ತಲೆಯೆತ್ತಿ ಆ ಬೆಟ್ಟವನ್ನು ನೋಡಬೇಕು.