ಗ್ರೀನ್‌ಸ್ಟೆಡ್ ಚರ್ಚ್

ಇಂಗ್ಲೆಂಡಿನ ಎಸೆಕ್ಸ್‌ನಲ್ಲಿ, ಚಿಪ್ಪಿಂಗ್ ಓಂಗರ್ ಪಟ್ಟಣದ ಸಮೀಪವಿರುವ ಗ್ರೀನ್‌ಸ್ಟೆಡ್ ಹಳ್ಳಿಯ ಮಧ್ಯಯುಗೀನ ಚರ್ಚ್. ಸಂತ ಆಂಡ್ರೂ ಹೆಸರಿನಲ್ಲಿದೆ. ಜಗತ್ತಿನ ಅತಿ ಹಳೆಯ ಮರದ ಚರ್ಚ್ ಎಂದು ಹೆಸರಾಗಿದೆ.

ವಾಸ್ತು: ಸಭಾಂಗಣದ ಗೋಡೆಗಳು ಓಕ್ ದಿಮ್ಮಿಗಳವು. ದಿಮ್ಮಿಯನ್ನು ಉದ್ದಕ್ಕೆ ಸೀಳಿ, ಉರುಟು ಮೈಯನ್ನು ಹೊರಕ್ಕೂ ಬಾಚಿಯಿಂದ ಕೆತ್ತಿ ಸಮಮಾಡಿದ ಮೈಯನ್ನು ಒಳಕ್ಕೂ ಮಾಡಿ ಸಾಲಾಗಿ ನೆಟ್ಟಗೆ ನಿಲ್ಲಿಸಲಾಗಿದೆ. ಪ್ರತಿ ದಿಮ್ಮಿಯ ಅಂಚಿನಲ್ಲಿ ಸೀಳು ಕೊರೆದು, ಎರಡರ ನಡುವೆ ತೆಳುವಾದ ಓಕ್ ಪಟ್ಟಿ ತೂರಿಸಿರುವುದರಿಂದ ಸಂದಿಯಲ್ಲಿ ಗಾಳಿ ಮಳೆ ಒಳಬರುವುದಿಲ್ಲ.

ಕಾಲನಿರ್ಣಯ: ಹಳೆಯ ಬರಹಗಳಲ್ಲಿ ಹೆಚ್ಚು ಗೊಂದಲವಿರುವುದು ಇಲ್ಲಿ. 1960ರಲ್ಲಿ ಮರದ ವಾರ್ಷಿಕ ಉಂಗುರಗಳನ್ನು ಎಣಿಸಿ ಗೋಡೆಗೆ ಕ್ರಿ.ಶ. 845ರ ಕಾಲ ಹೇಳಲಾಯಿತು. 869ರಲ್ಲಿ ಹತನಾದ ರಾಜ ಸಂತ ಎಡ್ಮಂಡನ ದೇಹವನ್ನು 1013ರಲ್ಲಿ ಲಂಡನ್ನಿನಿಂದ ಬರಿ ಸೇಂಟ್ ಎಡ್ಮಂಡ್ಸ್ ಪಟ್ಟಣಕ್ಕೆ ಒಯ್ಯುವಾಗ ಇಲ್ಲಿ ತಂಗಿಸಿದ್ದರೆಂಬ ಐತಿಹ್ಯಕ್ಕೆ ಇದು ಪುಷ್ಟಿ ಕೊಟ್ಟಿತು. 1995ರ ಮರುಪರೀಕ್ಷೆ 845ರ ಕಾಲವನ್ನು ತಳ್ಳಿಹಾಕಿತು. ಉಳಿದಿರುವ ಉಂಗುರಗಳಲ್ಲಿ ಕೊನೆಯದು 1053ರದು. ತೊಗಟೆಗೆ ಅಂಟಿದ ಎಳೆಮರ ಕಳೆದುಹೋಗಿರುವುದರಿಂದ ಅದಕ್ಕೆ 10ರಿಂದ 55 ವರ್ಷ ಸೇರಿಸಬೇಕಾಗುತ್ತದೆ. ಹಾಗಾಗಿ ಮರ ಕಡಿದದ್ದು 1063ರ ನಂತರ. 1013ರಲ್ಲಿ ಈಗಿನ ಗೋಡೆಗಳು ಇರಲಿಲ್ಲ. ಆದರೆ ಐತಿಹ್ಯ ಪೂರ್ತಿ ಬಿದ್ದುಹೋಗುವುದಿಲ್ಲ: ಬಲಿಪೀಠದ ಭಾಗದ ಕೆಳಗೆ 1960ರಲ್ಲಿ ನಡೆದ ಉತ್ಖನನದಲ್ಲಿ ಇನ್ನೂ ಹಳೆಯ ಎರಡು ಮರದ ಕಟ್ಟಡಗಳ ಕುರುಹು ಸಿಕ್ಕಿದೆ. ನಾರ್ಮನ್ನರು ಇಂಗ್ಲೆಂಡನ್ನು ಗೆದ್ದದ್ದು 1066ರಲ್ಲಿ. ಆದ್ದರಿಂದ ಈ ಗೋಡೆ ಅವರ ಆಳ್ವಿಕೆಯಲ್ಲಿ ಎದ್ದಿರಬಹುದಾದರೂ ಕೆಲಸದ ರೀತಿ ಸ್ಯಾಕ್ಸನ್ ಬಡಗಿಗಳದು.

ಉತ್ತರದ ಗೋಡೆಯಲ್ಲಿರುವ ಸಣ್ಣ ಕಿಂಡಿಯೂ ವಿವಾದದ್ದು. ಕುಷ್ಠರೋಗಿಗಳು ಹೊರಗಿನಿಂದ ಪೂಜೆ ನೋಡುತ್ತಿದ್ದ ಕಿಂಡಿ ಎಂಬ ಮಾತು ಜನಪ್ರಿಯ. ಅದು ತೀರ್ಥಪಾತ್ರೆ ಇಡುವ ಗೂಡಾಗಿತ್ತೆಂಬುದು ಇನ್ನೊಂದು ಅಭಿಪ್ರಾಯ.

ನಂತರದ ಬದಲಾವಣೆಗಳು: ಬಲಿಪೀಠದ ಭಾಗವನ್ನು ನಾರ್ಮನ್ನರು ಚಕಮಕಿ ಕಲ್ಲಿನಲ್ಲಿ ಕಟ್ಟಿದ್ದರು, ಸುಮಾರು 1500ರಲ್ಲಿ ಅದನ್ನು ಇಟ್ಟಿಗೆಯಲ್ಲಿ ಮತ್ತೆ ಕಟ್ಟಲಾಯಿತು. ಹಲಗೆ ಹೊದಿಸಿದ ಗೋಪುರದ ಒಂದು ಗಂಟೆಯ ಮೇಲೆ 1617 ಎಂದಿದೆ. 1848ರ ಜೀರ್ಣೋದ್ಧಾರದಲ್ಲಿ ದಿಮ್ಮಿಗಳ ಕೊಳೆತ ಬುಡ ಕತ್ತರಿಸಿ, ಕೆಳಗೆ ಇಟ್ಟಿಗೆಯ ಜಗಲಿ ಕೊಟ್ಟರು. ಗೋಡೆ ಉಳಿಯಿತು, ಅದರ ಮೂಲ ತಳಪಾಯ ಹೋಯಿತು.

ಕೂಲಿಕಾರರ ಸಂಘ ಕಟ್ಟಿದ್ದಕ್ಕೆ ಆಸ್ಟ್ರೇಲಿಯಕ್ಕೆ ಗಡಿಪಾರಾಗಿ ಮರಳಿದ ಟಾಲ್‌ಪಡಲ್ ಹುತಾತ್ಮರಲ್ಲಿ ಒಬ್ಬನಾದ ಜೇಮ್ಸ್ ಬ್ರೈನ್ 1839ರಲ್ಲಿ ಮದುವೆಯಾದದ್ದು ಇಲ್ಲೇ.

ಗೋಡೆಗಳ ಕಾಲ 845ರಿಂದ ಸುಮಾರು ಇನ್ನೂರು ವರ್ಷ ಮುಂದೆ ಸರಿದರೂ ಚರ್ಚಿನ ಮಹತ್ವ ಕುಗ್ಗಿಲ್ಲ. 1130ರ ಸುಮಾರಿಗೆ ಕಟ್ಟಿದ ನಾರ್ವೆಯ ಉರ್ನೆಸ್ ಚರ್ಚಿಗಿಂತಲೂ ಇದು ಹಳೆಯದು.